‘ಸ್ವಚ್ಛತೆ ಕಾಪಾಡಿ’ ಎಂದರೆ ಏನು ಮಾಡಬೇಕು?

ಮಾನ್ಯರೇ,

ಹಸುಗಳ ಕರುಳಿಗೆ ತಗಲುವ ಜೋನ್ಸ್ ಕಾಯಿಲೆ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಮೇವು ತಿನ್ನುತ್ತಲೇ ಸೊರಗುವ ಹಸು, ನಿಲ್ಲದ ಭೇದಿ, ಗದ್ದದ ಕೆಳಗೆ ಜೋತುಬೀಳುವ ಬಾವು, ಎಲ್ಲ ಸರಿಯಾಗಿಯೇ ಬಂದಿವೆ. ಆದರೆ ಎರಡು ವಾಕ್ಯಗಳನ್ನು ದಾಟಿ ಮುಂದೆ ಹೋಗಲು ನನ್ನಿಂದಾಗಲಿಲ್ಲ.

“ರೋಗ ಬಂದ ಹಸುವನ್ನು ಬೇರ್ಪಡಿಸಿ, ಕೊಟ್ಟಿಗೆಯ ಸ್ವಚ್ಛತೆ ಕಾಪಾಡಿ.”

‘ಬೇರ್ಪಡಿಸಿ’ ಎಂಬಲ್ಲೇ ಎಡವಿದ್ದೀರಿ. ಭೇದಿ ಶುರುವಾಗುವುದು ಸಾಮಾನ್ಯವಾಗಿ ಸೋಂಕು ತಗಲಿದ 2ರಿಂದ 5 ವರ್ಷಕ್ಕೆ. ಅಷ್ಟರಲ್ಲಿ ಆ ಹಸು ಒಂದೆರಡು ಕರು ಹಾಕಿ, ಸಗಣಿಯ ಜೊತೆ ರೋಗಾಣುವನ್ನೂ ಕೊಟ್ಟಿಗೆ ತುಂಬ ಚೆಲ್ಲಿರುತ್ತದೆ. ಮದ್ದಿಲ್ಲದ ಕಾಯಿಲೆ, ಅದನ್ನು ಮಂದೆಯಿಂದ ತೆಗೆಯಲೇಬೇಕು, ನಿಜ. ಆದರೆ ಸೋಂಕು ಸುಲಭವಾಗಿ ಹತ್ತುವುದು 6 ತಿಂಗಳೊಳಗಿನ ಕರುವಿಗೆ. ಮೊದಲು ಬೇರ್ಪಡಿಸಬೇಕಾದದ್ದು ಕರುವನ್ನು.

ಇನ್ನು ‘ಸ್ವಚ್ಛತೆ ಕಾಪಾಡಿ’. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ‘ಕಾಪಾಡಿ’ ಎಂದು ಬರೆದಲ್ಲೆಲ್ಲ ಹಿರಿಯರು ಕೆಂಪು ಶಾಯಿಯಲ್ಲಿ ‘ಹೇಗೆ?’ ಎಂದು ಗೀಚುತ್ತಿದ್ದರು. ಈಗ ನಾನೂ ಗೀಚುತ್ತಿದ್ದೇನೆ. ಆಗ ತಾನೇ ಹುಟ್ಟಿದ ಕರು ತಡವರಿಸುತ್ತ ಎದ್ದು, ಮೊಲೆ ಹುಡುಕುತ್ತ ತಾಯಿಯ ತೊಡೆ, ಹೊಟ್ಟೆ, ಕೆಚ್ಚಲನ್ನೆಲ್ಲ ನೆಕ್ಕುತ್ತದೆ. ಗಿಣ್ಣುಹಾಲಿಗೂ ಮುಂಚೆ ಅದರ ಬಾಯಿಗೆ ಹೋಗುವುದು ಅಲ್ಲಿ ಒಣಗಿ ಅಂಟಿದ ಸಗಣಿ. ಇದನ್ನು ಬರೆಯಿರಿ. ಈಯುವ ಜಾಗದಲ್ಲಿ ಒಂದೇ ಹಸು, ಒಣ ಹಾಸು, ಈಯುವ ಮೊದಲೇ ತೊಳೆದು ಒರೆಸಿದ ಕೆಚ್ಚಲು. ಹುಟ್ಟಿದ ಕೂಡಲೇ ಕರು ಬೇರೆ ಕಡೆಗೆ. ಗಿಣ್ಣು ಕರುವಿನ ತೂಕದ ಹತ್ತನೇ ಒಂದು ಪಾಲು: 35 ಕಿಲೋ ಕರುವಿಗೆ ಮೂರೂವರೆ ಲೀಟರ್, 6 ಗಂಟೆಯೊಳಗೆ. ನಾಲ್ಕು ಹಸುಗಳ ಗಿಣ್ಣನ್ನು ಒಂದೇ ಬಕೆಟ್ಟಿಗೆ ಸುರಿದರೆ ಒಂದರ ಸೋಂಕು ಎಲ್ಲ ಕರುಗಳಿಗೂ ಹಂಚಿಹೋಗುತ್ತದೆ. ಸಗಣಿ ಎತ್ತಿದ ಸಲಿಕೆಯಲ್ಲಿ ಮೇವು ತಳ್ಳಬಾರದು. ದೊಡ್ಡ ದನ ತಿಂದು ಬಿಟ್ಟದ್ದು ಕರುವಿನ ಮುಂದೆ ಬೀಳಬಾರದು. ಹಸಿ ಗೊಬ್ಬರ ಹಾಕಿದ ಹುಲ್ಲುಗಾವಲಿಗೂ ಕರು ಬೇಡ; ನೆರಳು, ತೇವ ಇದ್ದಲ್ಲಿ ಈ ರೋಗಾಣು ವರ್ಷದವರೆಗೂ ಬದುಕಬಲ್ಲದು.

“ರಕ್ತಪರೀಕ್ಷೆಯಲ್ಲಿ ನೆಗೆಟಿವ್ ಬಂದರೆ ನಿಶ್ಚಿಂತೆ.”

ಈ ‘ನಿಶ್ಚಿಂತೆ’ ನೋಡಿ ಸಿಟ್ಟೇ ಬಂತು. ಎಲೈಸಾ ಎಂಬ ಈ ರಕ್ತಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ರಕ್ತದಲ್ಲಿ ಸಿಗುವಷ್ಟಾಗುವುದು ಸಾಮಾನ್ಯವಾಗಿ ಸೋಂಕು ಬಲಿತ ಮೇಲೆ. ಎರಡು ವರ್ಷವೂ ತುಂಬದ ಕಡಸಿನ ನೆಗೆಟಿವ್ ವರದಿ ಹೆಚ್ಚೇನೂ ಹೇಳುವುದಿಲ್ಲ. ಸಗಣಿಯಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಕೂಡ ರೋಗಾಣು ಹೊರಬೀಳುತ್ತಿರುವ ದಿನ ಮಾದರಿ ತೆಗೆದರಷ್ಟೇ ಹಿಡಿಯುತ್ತದೆ. ನೆಗೆಟಿವ್ ಎಂದರೆ ‘ಈ ಸಲ ಸಿಗಲಿಲ್ಲ’, ಅಷ್ಟೇ. ಅದಕ್ಕೇ ವರ್ಷವರ್ಷ ಪರೀಕ್ಷೆ. ಅದಕ್ಕೇ ಹಸು ಕೊಳ್ಳುವಾಗ ಅದೊಂದರ ವರದಿಗಿಂತ ಅದು ಬಂದ ಮಂದೆಯದ್ದನ್ನು ಕೇಳುವುದು. ನೆಗೆಟಿವ್ ಹಸುವಿನ ಗಿಣ್ಣನ್ನೂ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು ಕೊಡುವುದು ಇದೇ ಕಾರಣಕ್ಕೆ. ಶಾಖ ಇನ್ನೂ ಏರಿದರೆ ಗಿಣ್ಣು ಗಟ್ಟಿಯಾಗುತ್ತದೆ, ಕರುವಿಗೆ ಬೇಕಾದ ಪ್ರತಿಕಾಯಗಳೂ ಹಾಳಾಗುತ್ತವೆ.

ಲಸಿಕೆಯ ಭಾಗವನ್ನು ನಾನು ಮುಟ್ಟಿಲ್ಲ. ಈ ಎರಡು ಕಡೆ ತಿದ್ದಿ ಕಳಿಸಿ. ಹಾಗೆಯೇ ಶೀರ್ಷಿಕೆಯಲ್ಲಿರುವ ‘ಮಹಾಮಾರಿ’ ತೆಗೆಯಿರಿ. ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುವ ಕಾಯಿಲೆಗೆ ಅದು ಒಪ್ಪುವುದಿಲ್ಲ.

ಸಂಪಾದಕ