ಪ್ರೀಮಿಯರ್ ಬಿಟ್ಟು ರಿಸಾಲ್ವ್‌ಗೆ ಹೋಗೋದಾದ್ರೆ

ನೀವು ಸಿಂಧನೂರು, ನಾನು ಇಲ್ಲೇ ಪಕ್ಕದ ಗಂಗಾವತಿ. ಅರ್ಧ ಎಡಿಟ್ ಆದ ಮದುವೆ ವಿಡಿಯೋವನ್ನು ಪ್ರೀಮಿಯರ್ ಪ್ರೋ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನಿಂದ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ಗೆ ಒಯ್ಯಬಹುದಾ ಅಂತ ಕೇಳಿದ್ದೀರಿ. ಒಯ್ಯಬಹುದು. ಆದರೂ ಈ ಮದುವೆ ಮುಗಿಸಿಕೊಟ್ಟು ಆಮೇಲೆ ಬದಲಾಯಿಸಿ ಅಂತೀನಿ.

ಪ್ರೀಮಿಯರ್‌ನಲ್ಲಿ ಫೈನಲ್ ಕಟ್ ಪ್ರೋ ಎಕ್ಸ್‌ಎಂಎಲ್ (ಎಡಿಟ್‌ನ ವಿವರ ಒಯ್ಯುವ ಫೈಲ್) ಎಕ್ಸ್‌ಪೋರ್ಟ್ ಮಾಡಿ, ರಿಸಾಲ್ವ್‌ನಲ್ಲಿ ಅದನ್ನು ಟೈಮ್‌ಲೈನ್ ಆಗಿ ಇಂಪೋರ್ಟ್ ಮಾಡಿದರೆ ಕಟ್‌ಗಳು ಬರುತ್ತವೆ. ಟೈಟಲ್, ಲುಮೆಟ್ರಿ ಕಲರ್ (ಪ್ರೀಮಿಯರ್‌ನಲ್ಲಿ ಮಾಡಿದ ಬಣ್ಣದ ತಿದ್ದುಪಡಿ) ಹಾಗೇ ಬರುತ್ತವೆ ಅಂತ ನೆಚ್ಚಿಕೊಳ್ಳಬೇಡಿ. ನಾನು ಮದುಮಕ್ಕಳ ಹೆಸರನ್ನೆಲ್ಲ ಮತ್ತೆ ಟೈಪ್ ಮಾಡಿದೆ.

ಕ್ಲಿಪ್ ಹಾಕುವ ಮೊದಲೇ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ನೋಡಿಕೊಳ್ಳಿ. ಆಮೇಲೆ ಅದು ಲಾಕ್ ಆಗುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ 25ರಲ್ಲಿ ಶೂಟ್ ಮಾಡಿದ್ದನ್ನು ಸುಮ್ನೆ 24ರ ಪ್ರಾಜೆಕ್ಟ್‌ಗೆ ಸುರಿದುಬಿಟ್ಟಿದ್ದೆ. ತೇರು ಎಳೆಯೋವಾಗ ವಿಡಿಯೋ ಕುಂಟುತ್ತಿತ್ತು! ಪೂರ್ತಿ ಹೊಸದಾಗಿ ಶುರು ಮಾಡಬೇಕಾಯಿತು.

ಶಾರ್ಟ್‌ಕಟ್ ಚಿಂತೆ ಬೇಡ, ಕೀಬೋರ್ಡ್ ಕಸ್ಟಮೈಸೇಶನ್‌ನಲ್ಲಿ ಪ್ರೀಮಿಯರ್ ಪ್ರೋ ಅಂತ ಆರಿಸಿದರೆ ಹಳೆಯ ಕೀಗಳೇ ಸಿಗುತ್ತವೆ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ 4ಕೆ, ಅಂದರೆ 3840×2160ವರೆಗೆ ಎಕ್ಸ್‌ಪೋರ್ಟ್ ಆಗುತ್ತದೆ, ಮದುವೆ ಕೆಲಸಕ್ಕೆ ಅದೇ ಜಾಸ್ತಿ ಅಲ್ವಾ? ಆದರೆ ನಿಮ್ಮ 8 ಜಿಬಿ ರ್‍ಯಾಮ್ ಸಾಲದು. 16 ಮಾಡಿಸಿ. ಲೈವ್ ಸೇವ್ (ಕೆಲಸ ತಾನಾಗಿಯೇ ಸೇವ್ ಆಗೋದು) ಆನ್ ಇದೆಯಾ ನೋಡಿ, ನಮ್ಮ ಕಡೆ ಕರೆಂಟ್ ಹೇಳಿ ಹೋಗೋದಿಲ್ಲ.