ಸಿಲ್ವರಾಡೊ 2500 ಎಚ್‌ಡಿ: ಆಲಿಸನ್ ಗೇರ್‌ಬಾಕ್ಸ್ ಆಯಿಲ್ ಮನೆಯಲ್ಲೇ ಬದಲಿಸಬಹುದೇ?

ನಿಮ್ಮದು ಡ್ಯೂರಮ್ಯಾಕ್ಸ್ ಡೀಸೆಲ್ ಎಂಜಿನಿನ 2008ರ ಷೆವರ್ಲೆ ಸಿಲ್ವರಾಡೊ ಪಿಕಪ್, ಟ್ರೇಲರ್ ಎಳೆಯುತ್ತೀರಿ, ಗ್ಯಾರೇಜಿನವರು ಮೆಷೀನ್ ಹಾಕಿ ಫ್ಲಶ್ (ಹಳೆಯ ಗೇರ್‌ಬಾಕ್ಸ್ ಆಯಿಲನ್ನೆಲ್ಲ ಒಮ್ಮೆಲೇ ಬದಲಿಸುವುದು) ಮಾಡಿಸಿ ಅಂದಿದ್ದಾರೆ, ಮನೆಯಲ್ಲೇ ಆಗುತ್ತದೆಯೇ ಎಂದು ಕೇಳಿದ್ದೀರಿ. ಆಗುತ್ತದೆ. ಇದರಲ್ಲಿರುವ ಆಲಿಸನ್ 1000ರಷ್ಟು ಸಲೀಸಾಗಿ ಸರ್ವಿಸ್ ಮಾಡಬಹುದಾದ ಪಿಕಪ್ ಗೇರ್‌ಬಾಕ್ಸ್ ಕಡಿಮೆ. ಡ್ರೈನ್ ಪ್ಲಗ್ ಇದೆ, ಡಿಪ್‌ಸ್ಟಿಕ್ ಇದೆ, ಫಿಲ್ಟರ್ ಹೊರಗಡೆಯೇ ಇದೆ; ಎಂಜಿನ್ ಆಯಿಲ್ ಫಿಲ್ಟರಿನ ಹಾಗೆ ತಿರುಗಿಸಿ ಬಿಚ್ಚುವಂಥದ್ದು. ಪ್ಯಾನ್ (ತಳದ ಆಯಿಲ್ ತಟ್ಟೆ) ಇಳಿಸಬೇಕಾಗಿಲ್ಲ. ಪ್ಯಾನಿನೊಳಗೆ ಇನ್ನೊಂದು ಫಿಲ್ಟರ್ ಇರುವುದು ನಿಜ, ಆದರೆ ಅದನ್ನು ಮುಟ್ಟುವುದು ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿದಾಗ ಮಾತ್ರ. (2020ರಿಂದ ಬಂದ ಹತ್ತು ಗೇರಿನ ಗಾಡಿಗೆ ಇಲ್ಲಿ ಹೇಳುವ ಯಾವುದೂ ಅನ್ವಯಿಸುವುದಿಲ್ಲ, ಅದು ಬೇರೆಯೇ ಪೆಟ್ಟಿಗೆ.)

ಸಾಮಾನು ಕೊಳ್ಳುವ ಮೊದಲು ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ ನೋಡಿ. ಕೆಂಪು ಮಾಸಿ ಕಂದು ತಿರುಗಿದ್ದರೆ ಚಿಂತೆಯಿಲ್ಲ. ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಸವೆದಿರುವ ಸಾಧ್ಯತೆ ಹೆಚ್ಚು, ಹೊಸ ಆಯಿಲ್ ಅದನ್ನು ಸರಿಪಡಿಸದು. ಸ್ಟ್ರಾಬೆರಿ ಹಾಲಿನಂತೆ ತಿಳಿ ಗುಲಾಬಿಯಾಗಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಆಯಿಲಿಗೆ ಕೂಲೆಂಟ್ ಸೇರಿದೆ ಎಂದರ್ಥ. ಅದರಲ್ಲಿನ ಗ್ಲೈಕಾಲ್ ಎಂಬ ರಾಸಾಯನಿಕ ಕ್ಲಚ್ ಪ್ಲೇಟಿನ ಅಂಟನ್ನೇ ಬಿಡಿಸುತ್ತದೆ, ಆಗ ಇದು ಮನೆಯ ಕೆಲಸವಲ್ಲ.

ಬೇಕಾದದ್ದು: ಹೊರಗಿನ ಫಿಲ್ಟರ್ (ಆಲಿಸನ್ ನಂಬರ್ 29539579), ಡ್ರೈನ್ ಪ್ಲಗ್ಗಿನ ಸೀಲ್, ಎಂಟು ಕ್ವಾರ್ಟ್ ಆಯಿಲ್ (ಒಂದು ಕ್ವಾರ್ಟ್ ಎಂದರೆ ಲೀಟರಿಗಿಂತ ತುಸು ಕಡಿಮೆ), ಉದ್ದ ಕೊಳವೆಯ ಆಲಿಕೆ, ಅಳತೆ ಗುರುತಿರುವ ಡಬ್ಬ. ಆಯಿಲ್ ಡೆಕ್ಸ್ರಾನ್ 6 (ಜನರಲ್ ಮೋಟರ್ಸ್ ಮಾನದಂಡ) ಇರಲಿ, ಅಥವಾ ಆಲಿಸನ್ ಮಾನದಂಡವಾದ ಟಿಇಎಸ್ 295 ಇಲ್ಲವೇ ಅದರ ಜಾಗಕ್ಕೆ ಬಂದಿರುವ ಟಿಇಎಸ್ 668 ಎಂದು ಡಬ್ಬದ ಮೇಲೆ ಬರೆದಿರುವ ಸಿಂಥೆಟಿಕ್. ಟ್ರೇಲರ್ ಎಳೆಯುವವರಿಗೆ ಎರಡನೆಯದೇ ವಾಸಿ, ಬಿಸಿಗೆ ಹೆಚ್ಚು ತಾಳುತ್ತದೆ. 'ಎಲ್ಲ ಗಾಡಿಗೂ ಆಗುತ್ತದೆ' ಅನ್ನುವ ಡಬ್ಬ ಬೇಡ.

ಇಪ್ಪತ್ತು ನಿಮಿಷ ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡೆ ಕೊಡಿ. ಈ ಗಾಡಿ ಎತ್ತರವಾಗಿರುವುದರಿಂದ ಸಾಮಾನ್ಯವಾಗಿ ಜಾಕ್ ಬೇಕಾಗದು. ಎಂಜಿನ್ ಆರಿಸಿ, ಕೈ ಸುಡದಷ್ಟು ತಣಿದ ಮೇಲೆ ಪ್ಲಗ್ ಬಿಚ್ಚಿ. ಸುಮಾರು 7 ಲೀಟರ್ ಬರುತ್ತದೆ. ಎಷ್ಟು ಬಂತೆಂದು ಅಳೆದು ಬರೆದಿಡಿ, ಮುಂದಿನ ಲೆಕ್ಕವೆಲ್ಲ ಅದರ ಮೇಲೆ. ಪ್ಲಗ್ಗನ್ನು 30ರಿಂದ 40 ನ್ಯೂಟನ್ ಮೀಟರಿಗೆ ಬಿಗಿ ಮಾಡಿ.

ಬಹಳ ಜನ ಎಡವುವುದು ಫಿಲ್ಟರಿನಲ್ಲಿ. ಅದನ್ನು ತಿರುಗಿಸಿ ಕೂರಿಸುವ ಕೊಳವೆಯ ಸುತ್ತ ಬಳೆಯಾಕಾರದ ಒಂದು ಆಯಸ್ಕಾಂತ ಇರುತ್ತದೆ. ಹಳೆಯ ಫಿಲ್ಟರಿಗೇ ಅಂಟಿಕೊಂಡು ಬರುವುದುಂಟು, ನೋಡದೆ ಕಸಕ್ಕೆ ಹಾಕಿಬಿಡುತ್ತಾರೆ. ಅದನ್ನು ತೆಗೆದು, ಒರೆಸಿ, ವಾಪಸ್ ಕೊಳವೆಗೆ ಕೂರಿಸಿ. ಅದರ ಮೇಲೆ ಬೂದು ಬಣ್ಣದ ಪೇಸ್ಟ್ ಇದ್ದರೆ ಮಾಮೂಲಿ ಸವೆತ. ಉಗುರಿಗೆ ತಾಗುವಂಥ ಲೋಹದ ಚೂರು ಇದ್ದರೆ ಒಳಗೆ ಏನೋ ಮುರಿದಿದೆ. ಹಳೆಯ ಫಿಲ್ಟರಿನ ರಬ್ಬರ್ ಗ್ಯಾಸ್ಕೆಟ್ ಗೇರ್‌ಬಾಕ್ಸಿನಲ್ಲೇ ಅಂಟಿ ಉಳಿದಿಲ್ಲವೆಂದು ಬೆರಳಾಡಿಸಿ ಖಾತ್ರಿ ಮಾಡಿಕೊಳ್ಳಿ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಕೂತರೆ ಒತ್ತಡಕ್ಕೆ ಆಯಿಲ್ ರಸ್ತೆಗೆ ಚಿಮ್ಮುತ್ತದೆ. ಹೊಸದಕ್ಕೆ ಆಯಿಲ್ ಸವರಿ, ಗ್ಯಾಸ್ಕೆಟ್ ತಾಗುವವರೆಗೆ ಕೈಯಲ್ಲಿ ತಿರುಗಿಸಿ, ಆಮೇಲೆ ಒಂದು ಪೂರ್ತಿ ಸುತ್ತು. ಸ್ಪ್ಯಾನರ್ ಹಾಕಿ ಇನ್ನೂ ಬಿಗಿ ಮಾಡಬೇಡಿ.

ಡಿಪ್‌ಸ್ಟಿಕ್ ಕೊಳವೆಯ ಮೂಲಕ, ಇಳಿಸಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ತುಂಬಿ. ಎಂಜಿನ್ ಹಚ್ಚಿ, ಬ್ರೇಕ್ ಒತ್ತಿ ಹಿಡಿದು, ರಿವರ್ಸ್, ಡ್ರೈವ್ ಎಲ್ಲದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ಪಾರ್ಕಿಗೆ ತನ್ನಿ. ಅಳೆಯುವಾಗ ಎಂಜಿನ್ ಓಡುತ್ತಲೇ ಇರಬೇಕು. ಆರಿಸಿ ಅಳೆದ ಮಟ್ಟಕ್ಕೆ ಬೆಲೆಯಿಲ್ಲ. ಆಯಿಲ್ 16ರಿಂದ 49 ಡಿಗ್ರಿ ಸೆಲ್ಸಿಯಸ್ ಇರುವಾಗ 'ಕೋಲ್ಡ್' ಪಟ್ಟಿಯೊಳಗೆ ಬಂದರೆ ಗಾಡಿ ಓಡಿಸಬಹುದು ಎಂದಷ್ಟೇ ಅರ್ಥ. ನಿಜವಾದ ಅಳತೆ 71ರಿಂದ 93 ಡಿಗ್ರಿಯಲ್ಲಿ, 'ಹಾಟ್' ಪಟ್ಟಿಯಲ್ಲಿ. ಹೆದ್ದಾರಿಯಲ್ಲಿ ಅರ್ಧ ಗಂಟೆಯಾದರೂ ಓಡಿಸಿ, ಡ್ಯಾಶ್‌ಬೋರ್ಡಿನಲ್ಲಿ ಉಷ್ಣಾಂಶ ನೋಡಿಕೊಂಡು, ಎರಡು ಸಲ ಒರೆಸಿ ಅಳೆದು, ಎರಡೂ ಒಂದೇ ಬಂದರೆ ನಂಬಿ. ತಣ್ಣಗಿರುವಾಗಲೇ 'ಹಾಟ್' ಗುರುತಿಗೆ ತುಂಬಿಸಿದರೆ ಬಿಸಿಯಾಗಿ ಹಿಗ್ಗಿದ ಆಯಿಲ್ ತಿರುಗುವ ಭಾಗಗಳಿಗೆ ಬಡಿದು ನೊರೆಯಾಗುತ್ತದೆ, ಬ್ರೀದರಿನಿಂದ (ಗಾಳಿ ಹೋಗುವ ಕಿಂಡಿ) ಉಕ್ಕುತ್ತದೆ. ಕಡಿಮೆಯಾದರೆ ಪಂಪ್ ಗಾಳಿ ಎಳೆದು ಕ್ಲಚ್ ಜಾರುತ್ತದೆ. ವಿಚಿತ್ರವೆಂದರೆ ಎರಡರ ಲಕ್ಷಣವೂ ಒಂದೇ: ಗೇರ್ ತಡವರಿಸುವುದು, ಬಿಸಿ ಏರುವುದು.

ಇನ್ನು ಫ್ಲಶ್. ಪೂರ್ತಿ ಆಯಿಲ್ ಸುಮಾರು 12 ಕ್ವಾರ್ಟ್. ಪ್ಲಗ್ ಬಿಚ್ಚಿದರೆ ಸುಮಾರು ಏಳು ಕ್ವಾರ್ಟ್ ಮಾತ್ರ ಬರುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಮತ್ತು ಆಯಿಲ್ ತಣಿಸುವ ಕೂಲರಿನಲ್ಲಿ. ಕೆಲವು ಸಾವಿರ ಮೈಲಿ ಓಡಿಸಿ ಇನ್ನೊಮ್ಮೆ ಏಳು ಬದಲಿಸಿದರೆ ಹಳೆಯದು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೆಷೀನಿಗೆ ದುಡ್ಡು ಸುರಿಯುವ ಬದಲು ಇದೇ ಸಾಕು ಅನ್ನುತ್ತೇನೆ. ಆಮೇಲೆ ಭಾರ ಎಳೆಯುವ ಗಾಡಿಗೆ 25,000 ಮೈಲಿಗೊಮ್ಮೆ, ಇಲ್ಲದಿದ್ದರೆ 50,000ಕ್ಕೊಮ್ಮೆ.

ಮರುದಿನ ಫಿಲ್ಟರ್ ಮತ್ತು ಪ್ಲಗ್ ಸುತ್ತ ಒಣ ಕಾಗದ ಒತ್ತಿ ಸೋರಿಕೆ ನೋಡಿ. ಹಳೆಯ ಆಯಿಲನ್ನು ಡಬ್ಬಕ್ಕೆ ತುಂಬಿ ಬಿಡಿಭಾಗದ ಅಂಗಡಿಗೆ ಕೊಂಡೊಯ್ಯಿರಿ, ಹೆಚ್ಚಿನವರು ಪುಕ್ಕಟೆ ತೆಗೆದುಕೊಳ್ಳುತ್ತಾರೆ. ಕೂಲೆಂಟ್ ಜೊತೆ ಬೆರೆಸಿದ್ದರೆ ಮಾತ್ರ ತೆಗೆದುಕೊಳ್ಳುವುದಿಲ್ಲ.