ಕಡಲ ಬದಿಯ ಮರಳು ದಿಬ್ಬದ ಮೇಲೆ ಟೆಂಟ್ ಹಾಕಬಹುದೇ?

ಡಿಸೆಂಬರ್ ಕೊನೆಗೆ ಬೆಂಗಳೂರಿನಿಂದ ನಾಲ್ವರು ಗೆಳೆಯರು ಕುಂದಾಪುರ–ಹೊನ್ನಾವರ ಕಡೆ ಬರುತ್ತೀರಿ, ಮರಳು ದಿಬ್ಬದ ಮೇಲೆ ಟೆಂಟ್ ಹಾಕುವ ಆಸೆ, ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ನಾನು ಇದೇ ಕರಾವಳಿಯವನು. ದಿಬ್ಬದ ಮೇಲೆ ಬೇಡ, ಅದರ ಹಿಂದೆ ಹಾಕಿ.

ರಾಜಸ್ಥಾನದ ಫೋಟೋ ನೋಡಿ ಬಂದರೆ ನಿರಾಸೆಯಾದೀತು. ನಮ್ಮ ಹೊಯ್ಗೆ ದಿಬ್ಬ ಹೆಚ್ಚೆಂದರೆ ಆಳೆತ್ತರ. ಅದರ ಮೇಲೆ ಮಂದಾರದ ಎಲೆಯ ಹಾಗೆ ತುದಿ ಸೀಳಿದ ಎಲೆಯ, ನೇರಳೆ ಹೂವಿನ ಬಳ್ಳಿ ಹಬ್ಬಿರುತ್ತದೆ. ಗಾಳಿಗೆ ಹಾರಿ ಬರುವ ಒಣ ಹೊಯ್ಗೆಯನ್ನು ತಡೆದು ದಿಬ್ಬ ಕಟ್ಟುವುದೇ ಆ ಬಳ್ಳಿ. ನಾಲ್ಕು ಜನ ಒಂದು ರಾತ್ರಿ ಓಡಾಡಿದರೆ ಅದು ಕಿತ್ತು ಬರುತ್ತದೆ, ಆಮೇಲೆ ಅಲ್ಲಿಂದಲೇ ಗಾಳಿ ಕೊರೆಯಲು ಶುರು. ಮಳೆಗಾಲದ ಕಡಲಿಗೂ ಹಿಂದಿನ ಮನೆಗಳಿಗೂ ನಡುವೆ ಇರುವುದು ಆ ದಿಬ್ಬ ಒಂದೇ. ಕಡಲಿಂದ ಕೂಗಳತೆಯಲ್ಲಿರುವ ಬಾವಿಯಲ್ಲೂ ಸಿಹಿನೀರು ಸಿಗುವುದು ಈ ಹೊಯ್ಗೆಯಿಂದಲೇ. ಇಂಗಿದ ಮಳೆನೀರು ಹಗುರ, ಹಾಗಾಗಿ ಉಪ್ಪುನೀರಿನ ಮೇಲೆ ತೇಲಿ ನಿಂತಿರುತ್ತದೆ. ಕರಾವಳಿ ನಿಯಂತ್ರಣ ವಲಯದ 2011 ಮತ್ತು 2019ರ ಅಧಿಸೂಚನೆಗಳೆರಡೂ ಮರಳು ದಿಬ್ಬವನ್ನು, ಆಮೆ ಮೊಟ್ಟೆಯಿಡುವ ದಂಡೆಯನ್ನು ಅತಿ ಸೂಕ್ಷ್ಮ ಜಾಗಗಳ ಪಟ್ಟಿಯಲ್ಲಿಟ್ಟಿವೆ.

ಆಮೆಯ ವಿಷಯ ಬಂತಲ್ಲ, ಅದನ್ನು ಸ್ವಲ್ಪ ಹೇಳಲೇಬೇಕು. ನಿಮಗೆ ಟೆಂಟಿಗೆ ಒಳ್ಳೆಯ ತಿಂಗಳು ಯಾವುದೋ, ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆಯಿಡಲು ದಂಡೆ ಹತ್ತುವುದೂ ಅದೇ ತಿಂಗಳುಗಳಲ್ಲಿ. ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು ಒಂದೂವರೆ ತಿಂಗಳ ಮೇಲೆ. ಬೆಳಗಿನ ಜಾವ ನೀರಿನಿಂದ ದಿಬ್ಬದವರೆಗೆ ಸಣ್ಣ ಟ್ರ್ಯಾಕ್ಟರ್ ಚಕ್ರ ಹೋದಂಥ ಗುರುತು ಕಂಡರೆ ಅದು ಆಮೆಯದ್ದು. ಗುರುತನ್ನು ತುಳಿಯಬೇಡಿ, ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವರು ಬೇಲಿ ಕಟ್ಟುತ್ತಾರೆ. ದಂಡೆಯಲ್ಲಿ ಬಿಳಿ ಲೈಟ್, ಬೆಂಕಿ ಇದ್ದರೆ ತಾಯಾಮೆ ಹತ್ತದೆ ವಾಪಸ್ ಹೋಗಬಹುದು. ಮರಿಗಳು ಕಡಲು ಬಿಟ್ಟು ಬೆಳಕಿನ ಕಡೆ ತೆವಳುತ್ತವೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ.

ಹಾಗಾದರೆ ಎಲ್ಲಿ? ದಿಬ್ಬದ ಹಿಂದೆ ಯಾರದ್ದಾದರೂ ಹಿತ್ತಿಲೋ ತೋಟವೋ ಇರುತ್ತದೆ. ಮನೆಯವರನ್ನು ಕೇಳಿ, ಏನಾದರೂ ಕೊಟ್ಟು, ಅಲ್ಲೇ ಹಾಕಿ. ಬಾವಿ ನೀರು, ಶೌಚಾಲಯ ಎರಡೂ ಸಿಗುತ್ತವೆ. ರಾತ್ರಿ ದಂಡೆಯಲ್ಲಿ ಉಳಿಯಲು ಕೆಲವು ಕಡೆ ಬಿಡುವುದಿಲ್ಲ, ಆ ತಕರಾರೂ ಇರುವುದಿಲ್ಲ. ತೆಂಗಿನ ಮರದ ಕೆಳಗೆ ಮಾತ್ರ ಬೇಡ. ಕಾಯಿ ಹಾಗಿರಲಿ, ಒಣ ಮಡಲು ಬಿದ್ದರೂ ಟೆಂಟ್ ಹರಿಯುತ್ತದೆ. ಗಾಳಿಮರದ ತೋಪು ವಾಸಿ.

ಟೆಂಟಿನ ಜೊತೆ ಬರುವ ಮೊಳೆಗಳು ಹೊಯ್ಗೆಯಲ್ಲಿ ನಿಲ್ಲುವುದಿಲ್ಲ, ಬೆಣ್ಣೆಗೆ ಕಡ್ಡಿ ಚುಚ್ಚಿದ ಹಾಗೆ ಕಿತ್ತು ಬರುತ್ತವೆ. ನಾಲ್ಕು ಬಟ್ಟೆಚೀಲ ತನ್ನಿ. ಹೊಯ್ಗೆ ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಒಂದೂವರೆ ಅಡಿ ಆಳದಲ್ಲಿ ಹೂತು ಮೇಲೆ ತುಳಿಯಿರಿ. ಬಾಗಿಲನ್ನು ಕಡಲಿಗೆ ಮುಖ ಮಾಡಿಡುವ ಚಪಲ ಎಲ್ಲರಿಗೂ. ಸಂಜೆ ಗಾಳಿ ಕಡಲಿಂದಲೇ ಬೀಸುವುದರಿಂದ ಹೊಯ್ಗೆ ನೇರ ಒಳಗೆ. ರಾತ್ರಿ ಹೊತ್ತೇರಿದಂತೆ ಗಾಳಿ ತಿರುಗಿ ಘಟ್ಟದ ಕಡೆಯಿಂದ ಬರುತ್ತದೆ, ಆಗ ಚಳಿ. ಬಾಗಿಲು ತೆಂಕಿಗೋ ಬಡಗಿಗೋ ಇರಲಿ. ಇಬ್ಬನಿ ಎಷ್ಟು ಬೀಳುತ್ತದೆಂದರೆ, ಬೆಳಿಗ್ಗೆ ಟೆಂಟ್ ಮುಟ್ಟಿದರೆ ಮುಖಕ್ಕೆ ನೀರು ತೊಟ್ಟಿಕ್ಕುತ್ತದೆ. ಮೇಲ್ಹೊದಿಕೆ ಬಿಟ್ಟು ಬರಬೇಡಿ.

ಕಾಲಾಡಿಸಲು ದಂಡೆಗೆ ಇಳಿದಾಗ ಒಣ ಕಸ, ಚಿಪ್ಪು, ಬಾಟಲಿ ಸಾಲಾಗಿ ಬಿದ್ದ ಗೆರೆ ನೋಡಿ. ಹಿಂದಿನ ಉಬ್ಬರ ಅಲ್ಲಿಯವರೆಗೆ ಬಂದಿತ್ತು. ಅಮಾವಾಸ್ಯೆ, ಹುಣ್ಣಿಮೆಗೆ ಇನ್ನೂ ಮೇಲೆ ಬರುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ನಿನ್ನೆಯ ಲೆಕ್ಕ ಇವತ್ತಿಗೆ ಸಲ್ಲದು. ಬಲೆ ಸರಿಮಾಡುತ್ತ ಕೂತವರನ್ನು ಕೇಳಿದರೆ ಬಾಯಲ್ಲೇ ಸಮಯ ಹೇಳುತ್ತಾರೆ.

ಅಡುಗೆಗೆ ಸಣ್ಣ ಗ್ಯಾಸ್ ಒಲೆ ಸಾಕು. ಮನೆಯವರು ಒಪ್ಪಿ ಹಿತ್ತಿಲಲ್ಲಿ ಬೆಂಕಿ ಹಾಕಿದಿರೋ, ಹೊಯ್ಗೆ ಮುಚ್ಚಿ ಆರಿಸಬೇಡಿ, ನೀರು ಹೊಯ್ಯಿರಿ. ನಾವು ಕಾಲೇಜಿನ ದಿನಗಳಲ್ಲಿ ಕೆಂಡಕ್ಕೆ ಹೊಯ್ಗೆ ಎಳೆದು ಮಲಗಿದ್ದೆವು. ನಸುಕಿನಲ್ಲಿ ಎದ್ದು ಬರಿಗಾಲಲ್ಲಿ ಅದರ ಮೇಲೆಯೇ ಹೆಜ್ಜೆಯಿಟ್ಟವನು ನಾನು. ಮೇಲೆ ನೋಡಿದರೆ ಬರೀ ಹೊಯ್ಗೆ, ಅಡಿಯಲ್ಲಿ ರಾತ್ರಿಯ ಕೆಂಡ ಹಾಗೇ ಇತ್ತು. ಹತ್ತು ದಿನ ಆ ಕಾಲಿಗೆ ಚಪ್ಪಲಿ ಹಾಕಲಾಗಲಿಲ್ಲ.

ವಾಪಸ್ ಹೋದ ಮೇಲೆ ಟೆಂಟಿನ ಜಿಪ್ಪನ್ನು ಸಿಹಿನೀರಲ್ಲಿ ತೊಳೆದು ಒಣಗಿಸಿ. ಉಪ್ಪು, ಹೊಯ್ಗೆ ಸೇರಿದರೆ ಮುಂದಿನ ಸಲ ತೆರೆಯುವುದೇ ಇಲ್ಲ. ನನ್ನ ಮೊದಲ ಟೆಂಟ್ ಹೋದದ್ದು ಹಾಗೆ.